ನಾಲ್ಕನೇ ಕಂಪ್ಯೂಟರಿನ ರಗಳೆ

ನಮ್ಮ ಮನೆಯ ಮೂರನೇ ಕಂಪ್ಯೂಟರು ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಕಣ್ಣು ಬಿಡಲಿಲ್ಲ. ಗುಂಡಿ ಒತ್ತಿದರೆ ಒಳಗಿನ ಫ್ಯಾನು ಒಂದೆರಡು ಸುತ್ತು ತಿರುಗಿ, ಕೆಮ್ಮಿದ ಹಾಗೆ ಸದ್ದು ಮಾಡಿ ನಿಂತುಬಿಡುತ್ತಿತ್ತು. ರಿಪೇರಿಯವನು ಬಂದು ಡಬ್ಬ ಬಿಚ್ಚಿದ. ಒಳಗಿದ್ದ ಧೂಳನ್ನೆಲ್ಲ ನಮ್ಮ ನಡುಮನೆಗೆ ಊದಿದ. "ಬೋರ್ಡ್ ಹೋಗೈತ್ರೀ ಮೇಡಂ. ಇದಕ್ಕೆ ಪಾರ್ಟ್ಸ್ ಬರೋದು ನಿಂತು ಯಾವ ಕಾಲಾಯ್ತು. ಹೊಸದು ತಗಂಡ್ಬಿಡ್ರಿ" ಎಂದು ಹೇಳಿ, ಬಿಚ್ಚಿದ ತಿರುಪುಗಳನ್ನು ತಟ್ಟೆಯಲ್ಲಿ ಬಿಟ್ಟು ಹೋದ. ಹೇಳುವುದು ಸುಲಭ.

ನಾನು ಶಿಕಾರಿಪುರದಲ್ಲಿ ಮೂವತ್ತು ವರ್ಷದ ಹತ್ತಿರ ಟೈಪಿಂಗ್, ಡಿಟಿಪಿ ಅಂಗಡಿ ನಡೆಸಿದವಳು. ಬೆರಳಿನ ಗಂಟುಗಳು ನೋಯತೊಡಗಿದ ಮೇಲೆ ಅಂಗಡಿ ಮುಚ್ಚಿ ಕಂಪ್ಯೂಟರನ್ನು ಮನೆಗೆ ತಂದಿಟ್ಟುಕೊಂಡೆ. ಸೊರಬದಲ್ಲಿರುವ ನನ್ನ ತಂಗಿಯ ಮಗಳು ವೀಣಾ ಈಗ ಅದೇ ಕಸುಬಿಗೆ ಇಳಿದಿದ್ದಾಳೆ. "ದೊಡ್ಡಮ್ಮ, ನೀ ಕಂಡಿದ್ದು ಮಾಡಿದ್ದು ಎಲ್ಲ ಬರೆದಿಡು ಮಾರಾಯ್ತಿ, ನನ್ನಂಥವ್ರಿಗೆ ಬೇಕಾಗ್ತದೆ" ಎಂದು ಅವಳು ಹೇಳುತ್ತಲೇ ಇದ್ದಳು. ಅವಳಂಥವರಿಗೆ ಕೊಡುವಂಥ ಬುದ್ಧಿಮಾತು ನನ್ನಲ್ಲಿ ಹೆಚ್ಚಿಲ್ಲ. ಸಿಟ್ಟು ಮಾತ್ರ ಬೇಕಾದಷ್ಟಿದೆ. ಅದನ್ನೇ ಬರೆಯುತ್ತೇನೆ.

ಹೊಸದು ತರಬೇಕು ಎಂದ ಕೂಡಲೇ ಮೊದಲ ತಕರಾರು ಮನೆಯವರದ್ದು. ನಮ್ಮವರು ಬಸ್ ಡ್ರೈವರಾಗಿ ನಿವೃತ್ತರಾದವರು, ಹುಟ್ಟಿದ್ದು ಬೆಳೆದದ್ದು ಶಿಕಾರಿಪುರದಲ್ಲೇ. "ಎಲ್ಲಾ ಫೋನ್‌ನಾಗೇ ಆಗ್ತೈತಲ್ಲ. ಮತ್ತೊಂದು ಡಬ್ಬ ತಂದು ಎಲ್ಲಿಡ್ತೀ?" ಎಂದರು.

"ಫೋನಿನಲ್ಲಿ ಮೇಷ್ಟ್ರ ಪುಸ್ತಕ ಮಾಡೋಕಾಗುತ್ತೇನ್ರೀ?" ಎಂದೆ.

ಆ ಪುಸ್ತಕದ ವಿಷಯ ಇಲ್ಲೇ ಹೇಳಿಬಿಡಬೇಕು. ಕುಬಟೂರಿನ ಹನುಮಂತಪ್ಪ ಮೇಷ್ಟ್ರು ಶಾಲೆಯಿಂದ ನಿವೃತ್ತರಾದ ಮೇಲೆ ಊರೂರು ತಿರುಗಿ ಗದ್ದೆ, ಹೊಲ, ಕೆರೆ, ಹೊಂಡಗಳ ಹೆಸರು ಕೂಡಿಸುತ್ತಿದ್ದರು. ಪಹಣಿಯಲ್ಲಿ ಇರುವುದು ಬರೀ ಸರ್ವೆ ನಂಬರು. ಜನರ ಬಾಯಲ್ಲಿ ಪ್ರತಿಯೊಂದು ತುಂಡು ನೆಲಕ್ಕೂ ಹೆಸರಿದೆ: ಸೂಜಿಗದ್ದೆ, ಕೋಣನ ಬ್ಯಾಣ, ಉಪ್ಪಿನ ಹಕ್ಕಲು, ಹುಲಿಬೋನಿನ ಮಕ್ಕಿ. ಬ್ಯಾಣ ಎಂದರೆ ಹುಲ್ಲುಗಾವಲು, ಹಕ್ಕಲು ಎಂದರೆ ಪಾಳುಬಿಟ್ಟ ನೆಲ, ಮಕ್ಕಿ ಎಂದರೆ ಮಳೆನೀರಿನ ಎತ್ತರದ ಗದ್ದೆ. ಕುಬಟೂರಿನಿಂದ ಚಂದ್ರಗುತ್ತಿವರೆಗೆ, ಈ ಕಡೆ ಬಂದಳಿಕೆವರೆಗೆ ಅವರು ಸೈಕಲ್ಲಿನಲ್ಲಿ ಅಲೆದು, ಹಳೇ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಬರೆದುಕೊಂಡು ಬರುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಟೈಪಾಗಿ ಮುಗಿದ ಆ ಕೈಬರಹದ ಹಾಳೆಗಳನ್ನು ಮನೆಗೆ ಒಯ್ದು ಅವರೇನು ಮಾಡುತ್ತಿದ್ದರು ಅಂತೀರಿ? ಬಚ್ಚಲ ಒಲೆಗೆ ಹಾಕುತ್ತಿದ್ದರು!

"ಯಾಕೆ ಮೇಷ್ಟ್ರೇ?" ಎಂದು ನಾನು ಕೂಗಾಡಿದ್ದೆ.

"ಕಂಪ್ಯೂಟರಲ್ಲಿ ಉಂಟಲ್ಲಮ್ಮ" ಎಂದಿದ್ದರು.

ಕಂಪ್ಯೂಟರಿನ ಮೇಲೆ ಜನರಿಗೆ ಇರುವ ಈ ನಂಬಿಕೆ ಇದೆಯಲ್ಲ, ಇಡೀ ವೃತ್ತಿಯಲ್ಲಿ ನನ್ನ ತಲೆ ತಿಂದದ್ದು ಇದೇ.

ನಾನು ಟೈಪಿಂಗ್ ಕಲಿತದ್ದು ತವರೂರು ಸೊರಬದಲ್ಲಿ, ರುದ್ರಪ್ಪನವರ ಸಂಸ್ಥೆಯಲ್ಲಿ. ಕಲಿತ ಮೇಲೆ ಅಲ್ಲೇ ಕೆಲಸಕ್ಕೂ ಸೇರಿದೆ. ರುದ್ರಪ್ಪನವರು ಮಹಾ ಶಿಸ್ತಿನ ಮನುಷ್ಯ. ಕೀಲಿಗಳ ಮೇಲೆ ಬಟ್ಟೆ ಹೊದಿಸಿ ಟೈಪ್ ಮಾಡಿಸುತ್ತಿದ್ದರು. ಊರಿಗೆಲ್ಲ ಮೊದಲು ಕಂಪ್ಯೂಟರು ತಂದವರೂ ಅವರೇ, ಆದರೆ ಅದನ್ನು ಅವರು ಒಂದು ದಿನವೂ ನಂಬಲಿಲ್ಲ. ಅದರಲ್ಲಿ ಅಳಿಸುವ ಗುಂಡಿ ಇರುವುದೇ ಅವರಿಗೆ ಅವಮಾನವಾಗಿತ್ತು. "ಅಳಿಸೋದಿದ್ರೆ ಬೆರಳಿಗೆ ಭಯ ಎಲ್ಲಿರ್ತದೆ?" ಎನ್ನುತ್ತಿದ್ದರು. ಹಾಗಾಗಿ ಎಲ್ಲವನ್ನೂ ಮೊದಲು ಟೈಪ್‌ರೈಟರಿನಲ್ಲಿ ತಪ್ಪಿಲ್ಲದೆ ಹೊಡೆದು, ಅವರಿಗೆ ತೋರಿಸಿ, ಆಮೇಲೆ ಅದನ್ನೇ ನೋಡಿಕೊಂಡು ಕಂಪ್ಯೂಟರಿನಲ್ಲಿ ಮತ್ತೆ ಹೊಡೆಯಬೇಕಿತ್ತು. ಒಂದೇ ಕೆಲಸ ಎರಡು ಸಲ. ನಾನು ಒಳಗೊಳಗೇ ಕುದಿಯುತ್ತಿದ್ದೆ.

ಮದುವೆಯಾಗಿ ಶಿಕಾರಿಪುರಕ್ಕೆ ಹೊರಟಾಗ ಅವರು ಆ ಕಂಪ್ಯೂಟರನ್ನು ನನಗೇ ಮಾರಿದರು. ಅದೇ ನನ್ನ ಮೊದಲನೆಯದು. ಕಪ್ಪು ಪರದೆ, ಹಸಿರು ಅಕ್ಷರ. ಬಟ್ಟೆ ಹೊಲಿಯುವವರ ಅಂಗಡಿಯ ಪಕ್ಕದ ಕೋಣೆಯಲ್ಲಿ ಇಟ್ಟು, ನಮ್ಮತ್ತೆಯ ಕೈಯಲ್ಲಿ ಪೂಜೆ ಮಾಡಿಸಿದೆ. ಅತ್ತೆ ಧಾರಾಳ ಮನಸ್ಸಿನವರು. ಕುಂಕುಮವನ್ನೂ ಧಾರಾಳವಾಗಿಯೇ ಇಟ್ಟರು. ಅದು ಕೀಲಿಗಳ ಸಂದಿಗೆ ಇಳಿದು, ಒಂದು ಕೀಲಿ ಒತ್ತಿದರೆ ಮೂರು ಸಲ ಅದೇ ಅಕ್ಷರ ಬೀಳತೊಡಗಿತು. ಮೊದಲ ಗಿರಾಕಿಯ ಅರ್ಜಿಯಲ್ಲಿ "ಮಾನ್ಯರೇ" ಎಂದು ಹೊಡೆಯಲು ಅರ್ಧ ಗಂಟೆ ಹಿಡಿಯಿತು. ಅವರ ಮುಂದೆ ಕೀಲಿಮಣೆ ಬೋರಲು ಹಾಕಿ ಕುಂಕುಮ ಕೊಡವುವುದೇನು ಚಂದ!

ಅದೇ ಕಂಪ್ಯೂಟರಿನ ಕಾಲದ್ದು ಫ್ಲಾಪಿಯ ಕಥೆ. ಈಗಿನವರಿಗೆ ಫ್ಲಾಪಿ ಗೊತ್ತಿಲ್ಲ. ಅಂಗೈಯಗಲದ ಚೌಕ ಬಿಲ್ಲೆ ಅದು, ಅದರಲ್ಲಿ ನಮ್ಮ ಕೆಲಸ ತುಂಬಿಕೊಡುತ್ತಿದ್ದೆವು. ಬಂದಳಿಕೆ ಕಡೆಯ ಕುರಿ ಸಾಕುವ ಮನೆತನದ ಕರಿಯಪ್ಪ ಎಂಬುವರು ಮಗಳ ಮದುವೆ ಪತ್ರಿಕೆ ಮಾಡಿಸಿದರು. ಮೆಕ್ಕೆಜೋಳ ಹಾಕಿಕೊಂಡು ಶಿವಮೊಗ್ಗಕ್ಕೆ ಹೊರಟ ಟ್ರ್ಯಾಕ್ಟರಿನಲ್ಲಿ ತಾವೇ ಫ್ಲಾಪಿ ಒಯ್ದು ಪ್ರೆಸ್ಸಿಗೆ ಮುಟ್ಟಿಸುತ್ತೇನೆಂದರು. "ಹುಷಾರ್ರೀ, ಬಿಸಿಲು ತಾಗಬಾರದು, ನೀರು ತಾಗಬಾರದು" ಎಂದು ಹತ್ತು ಸಲ ಹೇಳಿದೆ. ಅವರು ಪಾಪ ಅಷ್ಟೂ ಪಾಲಿಸಿದರು. ಬಿಸಿಲು ನೀರು ಎರಡೂ ತಾಗದ ಜಾಗ ಹುಡುಕಿ, ಟ್ರ್ಯಾಕ್ಟರಿನ ಹಾಡಿನ ಡಬ್ಬಿಯ ಒಳಗೆ, ಸ್ಪೀಕರಿನ ಬೆನ್ನಿಗೆ ಒರಗಿಸಿಟ್ಟರು. ಸ್ಪೀಕರಿನ ಅಯಸ್ಕಾಂತ ಎಲ್ಲವನ್ನೂ ನೆಕ್ಕಿಬಿಟ್ಟಿತು. ಪ್ರೆಸ್ಸಿನವರು ಹಾಕಿ ನೋಡಿದರೆ ಫ್ಲಾಪಿ ಬೋಳು. ಕರಿಯಪ್ಪ ಮರುದಿನ ಬಂದು, "ಏನವ್ವಾ, ಖಾಲಿ ಬಿಲ್ಲೆ ಕೊಟ್ಟೀಯಲ್ಲ?" ಎಂದು ಬೇಜಾರಿನಿಂದ ಕೇಳಿದರು. ಅಯಸ್ಕಾಂತದ ವಿಷಯ ನನಗೂ ಆಗ ಗೊತ್ತಿರಲಿಲ್ಲ. ಗೊತ್ತಾದದ್ದು ಮತ್ತೊಂದು ಸಲ ಅದೇ ಟ್ರ್ಯಾಕ್ಟರಿನಲ್ಲಿ ಅದೇ ಜಾಗದಲ್ಲಿಟ್ಟು ಕಳಿಸಿ, ಅದೂ ಖಾಲಿಯಾದ ಮೇಲೆ.

ಎರಡನೆಯದು ಬಣ್ಣದ ಪರದೆಯದು, ಮೌಸ್ ಅನ್ನುವ ಇಲಿ ಇದ್ದದ್ದು. ಚೆಂದ ಕಾಣುತ್ತಿತ್ತು, ಕಾಟವೂ ಅಷ್ಟೇ ಕೊಟ್ಟಿತು. ಆಗ ಕನ್ನಡಕ್ಕೆ ಒಬ್ಬೊಬ್ಬರದು ಒಂದೊಂದು ಅಕ್ಷರದ ಸಾಫ್ಟ್‌ವೇರು. ನನ್ನಲ್ಲಿ ಸರಿ ಇದ್ದದ್ದು ಪ್ರೆಸ್ಸಿನಲ್ಲಿ ಸರಿ ಇರುತ್ತಿರಲಿಲ್ಲ. ಒಂದು ಮದುವೆ ಪತ್ರಿಕೆಯಲ್ಲಿ ಹುಡುಗಿಯ ಹೆಸರು ವರ್ಷ. ಪ್ರೆಸ್ಸಿನ ಕಂಪ್ಯೂಟರಿಗೆ ನಮ್ಮ ಅರ್ಕಾವತ್ತು ಗೊತ್ತಾಗದೆ ಅದನ್ನು ಬಿಟ್ಟೇಬಿಟ್ಟಿತು. ರಾಶಿ ಪತ್ರಿಕೆ "ಚಿ|| ಸೌ|| ವಷ" ಎಂದು ಅಚ್ಚಾಗಿ ಬಂತು. ಹುಡುಗಿಯ ಸೋದರಮಾವ ಅಂಗಡಿಗೆ ಬಂದು ನಿಂತು, "ನಮ್ ಹುಡುಗಿ ಹೆಸರಿನಾಗಿನ ರಕಾರ ಎಲ್ಲಿ ಹೋತ್ರೀ? ಹುಡುಕಿ ಕೊಡ್ರಿ" ಎಂದರು. ಮತ್ತೆ ಅಚ್ಚು ಹಾಕಿಸಲು ಹೊತ್ತಿರಲಿಲ್ಲ. ಅವರ ಮನೆಯ ಜಗಲಿಯಲ್ಲಿ ಹೆಂಗಸರೆಲ್ಲ ಕಪ್ಪು ಪೆನ್ನು ಹಿಡಿದು ಕೂತು ಒಂದೊಂದೇ ಪತ್ರಿಕೆಗೆ ಅರ್ಕಾವತ್ತು ಬರೆದೆವು. ಹುಡುಗಿಯ ಅಜ್ಜಿಗೆ ಆ ಕೆಲಸ ಎಷ್ಟು ಹಿಡಿಸಿತೆಂದರೆ, ನಾವು ನೋಡುವ ಮೊದಲೇ ಗಂಡಿನ ಹೆಸರಿಗೂ ಒಂದೊಂದು ಹಾಕಿಬಿಟ್ಟಿದ್ದರು. ನಾಗರಾಜ ಹೋಗಿ ನಾಗರಾರ್ಜ ಆಗಿದ್ದ. ಆ ಪತ್ರಿಕೆಗಳನ್ನು ಗಂಡಿನ ಕಡೆಯವರಿಗೆ ಹೋಗದ ಹಾಗೆ ಬೇರೆ ಮಾಡಿಟ್ಟೆವು. ಅವು ಗಂಡಿನ ಕಡೆಗೇ ಹೋದವು.

ಮೂರನೆಯದು ಒಳ್ಳೆಯದಿತ್ತು. ಅದನ್ನು ಬೈದ ನೆನಪಿಲ್ಲ. ಬಹುಶಃ ಅದಕ್ಕೇ ಅದರ ಕಥೆಯೂ ಇಲ್ಲ. ಮೇಷ್ಟ್ರ ಪುಸ್ತಕದ ಹೆಚ್ಚಿನ ಪಾಲು ಟೈಪಾದದ್ದು ಅದರಲ್ಲೇ. ಈಗ ಸತ್ತದ್ದೂ ಅದೇ.

ವೀಣಾ ಕೇಳಿದಳು, "ದೊಡ್ಡಮ್ಮ, ಬೇರೆ ಕಾಪಿ ಇಟ್ಟಿರ್ಲಿಲ್ವಾ?" ಇಟ್ಟಿದ್ದೆ ಕಣಮ್ಮ. ಸಿಡಿಯಲ್ಲಿ ಇಟ್ಟಿದ್ದೆ. ಸಿಡಿಗೆ ಬೂಷ್ಟು ಹಿಡಿದಿತ್ತು. ಅದನ್ನು ಹಾಕಿ ನೋಡೋಣವೆಂದರೆ ಶಿಕಾರಿಪುರದ ಪೇಟೆಯಲ್ಲಿ ಸಿಡಿ ತೂರಿಸುವ ಸಂದಿ ಇರುವ ಯಂತ್ರ ಸಿಗುವುದೇ ಕಷ್ಟವಾಯಿತು. ಸಿಕ್ಕಿದ ಒಂದು ಅದನ್ನು ನುಂಗಿ ಗುರುಗುಟ್ಟಿ ಉಗಿಯಿತು.

ಇಷ್ಟರಲ್ಲಿ ಮೇಷ್ಟ್ರ ಫೋನು ಬಂತು. ಒಂದು ಪ್ರೆಸ್ಸಿನವರು ಪುಸ್ತಕ ಅಚ್ಚು ಮಾಡಲು ಒಪ್ಪಿದ್ದರು. "ಎಲ್ಲಿಗೆ ಬಂತಮ್ಮ?" ಎಂದರು. ಯಂತ್ರ ಕೆಟ್ಟಿದೆ, ನೋಡುತ್ತಿದ್ದೇನೆ ಎಂದೆ. "ಹಾಂ, ಸರಿ ಮಾಡ್ಸು" ಎಂದು ಇಟ್ಟರು. ಅದೇ ಸಂಜೆ ಮತ್ತೆ ಫೋನು, "ಎಲ್ಲಿಗೆ ಬಂತಮ್ಮ?" ಬೆಳಿಗ್ಗೆ ಮಾತಾಡಿದ್ದು ಅವರಿಗೆ ನೆನಪಿರಲಿಲ್ಲ. ಆಮೇಲೆ ಅವರ ಹೆಂಡತಿ ಗಂಗಮ್ಮನವರು ಫೋನು ತಗೊಂಡು, ಮೆಲ್ಲಗೆ, "ಈಗೀಗ ಹಿಂಗೇ ಆಗ್ತದೆ ಸುಲೋಚನಾ. ಊಟ ಮಾಡಿದ್ದು ಮರೀತಾರೆ. ಪುಸ್ತಕ ಒಂದು ಬೇಗ ಆಗ್ಲಿ" ಎಂದರು.

ಫೋನು ಇಟ್ಟು ಲೆಕ್ಕ ಹಾಕಿದೆ. ಬರೆದ ಹಾಳೆಗಳು ಒಲೆಗೆ ಹೋಗಿದ್ದವು. ಟೈಪಾದದ್ದು ಸತ್ತ ಡಬ್ಬದಲ್ಲಿತ್ತು. ಉಳಿದದ್ದು ಮೇಷ್ಟ್ರ ತಲೆ, ಅದೂ ಹೀಗೆ. ಮತ್ತೊಮ್ಮೆ ಆ ಊರುಗಳನ್ನೆಲ್ಲ ಯಾರು ಸುತ್ತಬೇಕು?

ಮರುದಿನವೇ ನಮ್ಮವರನ್ನು ಎಬ್ಬಿಸಿಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಕೇಳಿದ, "ಯಾವ ಪರ್ಪಸ್‌ಗೆ ಮೇಡಂ? ಗೇಮಿಂಗಾ, ವಿಡಿಯೋ ಎಡಿಟಿಂಗಾ?"

"ಟೈಪಿಂಗ್."

"ಟೈಪಿಂಗ್ ಅಷ್ಟೇನಾ?" ಅವನ ಮುಖ ಸಪ್ಪಗಾಯಿತು. ಒಂದು ಲ್ಯಾಪ್‌ಟಾಪ್ ತೆಗೆದಿಟ್ಟ. ಹಪ್ಪಳದಷ್ಟು ತೆಳ್ಳಗಿತ್ತು. ಕೀಲಿ ಒತ್ತಿದರೆ ಒಳಗೆ ಇಳಿಯುವುದೇ ಇಲ್ಲ. ಒತ್ತಿದೆನೋ ಇಲ್ಲವೋ ಬೆರಳಿಗೆ ಗೊತ್ತಾಗುವುದಿಲ್ಲ. ಟೈಪ್‌ರೈಟರಿನಲ್ಲಿ ಕಲಿತ ಕೈಗೆ ಅದು ಗೋಡೆ ತಟ್ಟಿದ ಹಾಗೆ.

"ಕೀಲಿ ಕೆಳಗೆ ಹೋಗೋ ಅಂಥದ್ದು ಇಲ್ವೇನಪ್ಪ?"

"ಈಗ ಎಲ್ಲ ಸ್ಲಿಮ್ ಮೇಡಂ. ನಿಮ್ ಫೈಲೂ ಇದ್ರಾಗೆ ಇರಲ್ಲ, ಕ್ಲೌಡ್‌ನಾಗೆ ಇರ್ತಾವೆ."

"ಕರೆಂಟು ಹೋದಾಗ?"

"ಬಂದಾಗ ಸಿಗ್ತಾವೆ."

ನಮ್ಮವರಿಗೆ ನಗು ಬಂತು. ನನಗೆ ಬರಲಿಲ್ಲ. ಹಠ ಹಿಡಿದು ನಿಂತೆ. ಕೊನೆಗೆ ಒಳಗಿನಿಂದ ಮೇಜಿನ ಮೇಲಿಡುವ ಥರದ್ದೊಂದು ತರಿಸಿದ, ಕೀಲಿಮಣೆ ಬೇರೆ ತೆಗೆಸಿಕೊಟ್ಟ. ಅದರ ಕೀಲಿಗಳು ಇಳಿಯುತ್ತಿದ್ದವು. ಅಷ್ಟು ಸಾಕಾಗಿತ್ತು.

ಮನೆಗೆ ತಂದು ಹಚ್ಚಿದರೆ ಅದು ಕೆಲಸಕ್ಕೆ ಕೂರುವ ಬದಲು ನನ್ನನ್ನೇ ವಿಚಾರಿಸತೊಡಗಿತು. ಹೆಸರು ಕೇಳಿತು, ಹುಟ್ಟಿದ ತಾರೀಕು ಕೇಳಿತು, ಊರು, ಫೋನ್ ನಂಬರು ಕೇಳಿತು, ಆಮೇಲೆ ಮುಖ ತೋರಿಸು ಎಂದಿತು. "ಇದೇನು ಹೆಣ್ಣು ನೋಡಾಕೆ ಬಂದೈತೇನು?" ಎಂದರು ನಮ್ಮವರು. ಪಾಸ್‌ವರ್ಡು ಕೊಟ್ಟರೆ ಇದು ದುರ್ಬಲ ಎಂದಿತು. ಇನ್ನೊಂದು ಕೊಟ್ಟೆ. ಅದೂ ದುರ್ಬಲ. ಸಿಟ್ಟಿನಿಂದ ಕೈಗೆ ಸಿಕ್ಕ ಕೀಲಿಗಳನ್ನೆಲ್ಲ ಕುಟ್ಟಿದೆ. ಅದು ಬಹಳ ಬಲವಾಗಿದೆ ಎಂದು ಒಪ್ಪಿಕೊಂಡಿತು. ಏನು ಕುಟ್ಟಿದೆ ಎಂದು ನನಗೇ ಗೊತ್ತಿಲ್ಲದ್ದರಿಂದ ಎಲ್ಲ ಮೊದಲಿನಿಂದ ಶುರುವಾಯಿತು.

ರಿಪೇರಿಯವನು ಹಳೆಯದರ ಒಳಗಿನ ಡಿಸ್ಕು ಬಿಚ್ಚಿ ಹೊಸದಕ್ಕೆ ಸಿಕ್ಕಿಸಿದ. ಮೇಷ್ಟ್ರ ಫೈಲು ಇತ್ತು! ನಾನು ಕೈ ಮುಗಿದೆ. ತೆರೆದರೆ ಕನ್ನಡದ ಒಂದಕ್ಷರವಿಲ್ಲ. ಇಂಗ್ಲಿಷಿನ ಅಕ್ಷರ, ಚುಕ್ಕೆ, ಕೊಕ್ಕೆಗಳನ್ನು ಬೀಸಿ ಎರಚಿದ ಹಾಗಿತ್ತು. ಹಳೇ ಸಾಫ್ಟ್‌ವೇರಿನ ಅಕ್ಷರ ಹೊಸದಕ್ಕೆ ತಿಳಿಯುವುದಿಲ್ಲ, ಹಳೇ ಸಾಫ್ಟ್‌ವೇರು ಹೊಸದರಲ್ಲಿ ಕೂರುವುದಿಲ್ಲ.

ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಶಿರಾಳಕೊಪ್ಪದಲ್ಲಿ ಬಸ್ ಬದಲಿಸಿ ಸೊರಬಕ್ಕೆ ಹೋದೆ. ವೀಣಾ ಅದನ್ನು ಈಗಿನ ಅಕ್ಷರಕ್ಕೆ ತಿರುಗಿಸುವ ಉಪಾಯ ಬಲ್ಲವಳು. ತಿರುಗಿಸಿದಳು. ಕನ್ನಡ ಬಂತು, ಆದರೆ ಹಲ್ಲು ಬಿದ್ದ ಕನ್ನಡ. ನಡುನಡುವೆ ಅಕ್ಷರಗಳೇ ಇಲ್ಲ, ಬರೀ ಖಾಲಿ ಚೌಕ. ಬೇರೆ ಬರಹವಾಗಿದ್ದರೆ ಊಹಿಸಿ ತುಂಬಬಹುದಿತ್ತು. ಗದ್ದೆಯ ಹೆಸರನ್ನು ಹೇಗೆ ಊಹಿಸುವುದು?

"ತಡಿ ದೊಡ್ಡಮ್ಮ, ಎಐಗೆ ಹೇಳಿದ್ರೆ ಸರಿ ಮಾಡ್ತದೆ" ಎಂದಳು ವೀಣಾ.

ನಾನು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಮಾಡಿತ್ತು. ಒಂದೇ ಒಂದು ಚೌಕ ಉಳಿದಿರಲಿಲ್ಲ. ಓದಿದೆ. ಕೋಣನ ಬ್ಯಾಣ ಹೋಗಿ "ಕೋಣೆಯ ಬಣ್ಣ" ಆಗಿತ್ತು. ಉಪ್ಪಿನ ಹಕ್ಕಲು "ಉಪ್ಪಿನ ಹಕ್ಕುಗಳು". ಹುಲಿಬೋನಿನ ಮಕ್ಕಿಯಂತೂ "ಹುಲಿ ಬೋನಿನ ಮಕ್ಕಳು".

"ಎಂತ ಮಾರಾಯ್ತಿ ಇದು! ಮಕ್ಕಳನ್ನ ಹುಲಿಬೋನಿಗೆ ಹಾಕ್ತಲ್ಲ!" ಎಂದು ನಾನು ಕಿರುಚಿದೆ. ಅಂಗಡಿಗೆ ಬಂದಿದ್ದ ಗಿರಾಕಿಗಳು ತಿರುಗಿ ನೋಡಿದರು. ವೀಣಾ ನಕ್ಕು ನಕ್ಕು ಮೇಜಿಗೆ ತಲೆಯಿಟ್ಟಳು. ಆಮೇಲೆ ಅವಳೇ ಗಂಭೀರವಾಗಿ, "ಬೇಡ ದೊಡ್ಡಮ್ಮ, ಚೌಕ ಇದ್ದಿದ್ದೇ ಇರ್ಲಿ. ಇಲ್ಲ ಅಂತಾದ್ರೂ ಗೊತ್ತಾಗ್ತದೆ. ಮೇಷ್ಟ್ರನ್ನೇ ಕೂರಿಸಿ ಓದಿಸು" ಎಂದಳು. ಅವಳು ಈ ಕಸುಬಿಗೆ ಲಾಯಕ್ಕು ಎಂದು ಅವತ್ತು ಅನ್ನಿಸಿತು.

ಮೇಷ್ಟ್ರು ಗಂಗಮ್ಮನವರ ಸಮೇತ ಆನವಟ್ಟಿ ಮೇಲೆ ಬಂದು ನಮ್ಮ ಮನೆಯಲ್ಲೇ ಉಳಿದರು. ನಡುಮನೆಯಲ್ಲಿ ಹೊಸ ಕಂಪ್ಯೂಟರಿನ ಮುಂದೆ ನಾನು, ಪಕ್ಕದ ಕುರ್ಚಿಯಲ್ಲಿ ಅವರು. ನಾನು ಮುರುಕು ಹೆಸರನ್ನು ಓದುವುದು, ಅವರು ತುಂಬಿ ಹೇಳುವುದು. ಹೇಳಿಯಷ್ಟೇ ಬಿಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! "ಅದು ಬೇಣ ಅಲ್ಲಮ್ಮ, ಬ್ಯಾಣ. ಸೊರಬದವಳಾಗಿ ನಿಂಗೆ ಗೊತ್ತಿಲ್ವಾ? ಶಿಕಾರಿಪುರದ ನೀರು ಕುಡಿದು ಕೆಟ್ಟೆ" ಎನ್ನುವರು. ಅಡುಗೆಮನೆ ಬಾಗಿಲಲ್ಲಿ ನಿಂತ ನಮ್ಮವರು, "ನಮ್ಮ ನೀರಿಗೇನಾಗೈತ್ರೀ ಮೇಷ್ಟ್ರೇ?" ಎನ್ನುವರು. ಅಲ್ಲಿಗೆ ಅರ್ಧ ಗಂಟೆ ಹೋಯಿತು. ಹೊಸ ಯಂತ್ರ ಬೇರೆ ಪ್ರತಿ ಹೆಸರಿನ ಕೆಳಗೂ ಕೆಂಪು ಗೆರೆ ಎಳೆಯುತ್ತಿತ್ತು.

"ಅದ್ಯಾಕಮ್ಮ ಕೆಂಪು?"

"ಅದಕ್ಕೆ ಗೊತ್ತಿಲ್ಲದ ಮಾತಿಗೆಲ್ಲ ಎಳೆಯುತ್ತೆ ಮೇಷ್ಟ್ರೇ."

"ಹಂಗಾದ್ರೆ ಅದಕ್ಕೆ ಏನೇನೂ ಗೊತ್ತಿಲ್ಲ" ಎಂದು ಅವರು ತೃಪ್ತಿಯಿಂದ ಒರಗಿಕೊಂಡರು.

ಬಂದಳಿಕೆ ಮುಗಿಯಿತು, ಚಂದ್ರಗುತ್ತಿ ಮುಗಿಯಿತು. ಬೆಳಗಿನ ತಿಂಡಿ ಏನೆಂದು ಕೇಳಿದರೆ ಅವರಿಗೆ ಹೇಳಲು ಬರುತ್ತಿರಲಿಲ್ಲ. ಆದರೆ ಯಾವ ಗದ್ದೆಯ ಬದುವಿನಲ್ಲಿ ಯಾರು ಕೂತು ಆ ಹೆಸರು ಹೇಳಿದರು ಎನ್ನುವುದು ಬರುತ್ತಿತ್ತು. ನನಗೆ ಧೈರ್ಯ ಬಂತು. ಕೊನೆಗೆ ಕುಬಟೂರು, ಅವರದೇ ಊರು. ಇದು ಒಂದು ಗಳಿಗೆಯ ಕೆಲಸ ಅಂದುಕೊಂಡೆ.

"ಮೊದಲಿನದು ಇಲ್ಲ, ಆಮೇಲೆ ಗುಣಿತ ಹೋದ ಸ, ಆಮೇಲೆ ಒಂದಿಲ್ಲ, ಗದ ಮಕ್ಕಿ" ಎಂದು ಓದಿದೆ.

ಮೇಷ್ಟ್ರು ಪರದೆಗೆ ಮುಖ ತಂದರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ತುಟಿ ಅಲ್ಲಾಡಿತು. "ಸೊಗದ... ಅಲ್ಲ." ನಾನು ಅವಸರ ಮಾಡಲಿಲ್ಲ. ಬೆಳಿಗ್ಗೆಯಿಂದ ಅವರ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕೈ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿತ್ತು.

"ಇದು ನಂಗೆ ಗೊತ್ತಿಲ್ಲಮ್ಮ" ಎಂದರು.

ಒಳಗೆ ಸೊಪ್ಪು ಬಿಡಿಸುತ್ತಿದ್ದ ಗಂಗಮ್ಮನವರು ಹಾಗೇ ಕೂತಲ್ಲಿಂದ, "ಬಾಸಿಂಗದ ಮಕ್ಕಿ ಅಲ್ವಾ! ನಮ್ಮ ಹಿತ್ತಿಲಾಚೆಯದು" ಎಂದರು.

ಅದು ಮೇಷ್ಟ್ರದೇ ಗದ್ದೆ. ಅವರ ತಂದೆ ಉತ್ತದ್ದು, ಈಗಲೂ ಅವರು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತ ನಿಲ್ಲುವ ಬದು ಅದರದ್ದು. ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ಗಂಗಮ್ಮನವರು ಸೊಪ್ಪಿನ ಮೊರ ಸರಿಸಿ ಎದ್ದು ಬಂದು ಅವರ ಹಿಂದೆ ನಿಂತರು. "ನಾ ಮದುವೆಯಾಗಿ ಬಂದ ವರ್ಷ ಅಲ್ಲೇ ಮೊದಲು ನಾಟಿ ಮಾಡಿದ್ದು. ಬಾಸಿಂಗ ಕಟ್ಟಿಕೊಂಡು ಬಂದವಳಿಗೆ ಬಾಸಿಂಗದ ಮಕ್ಕಿ ಅಂತ ಅತ್ತೆ ನಗ್ತಿದ್ರು" ಎಂದರು. ಮೇಷ್ಟ್ರು ತಲೆ ಎತ್ತಿ ಅವರನ್ನು ನೋಡುತ್ತಲೇ ಇದ್ದರು. ಆ ಹೆಸರನ್ನು ಆಗ ತಾನೇ ಮೊದಲ ಸಲ ಕೇಳಿಸಿಕೊಂಡವರ ಹಾಗೆ.

"ಬರ್ಕೋಮ್ಮ" ಎಂದರು ನನಗೆ.

ಗಂಗಮ್ಮನವರಿಗೂ ಒಂದು ಕುರ್ಚಿ ಹಾಕಿದೆ. ಕುಬಟೂರಿನ ಉಳಿದ ಹೆಸರುಗಳನ್ನು ಒಮ್ಮೆ ಅವರು, ಒಮ್ಮೆ ಇವರು ಹೇಳಿದರು. ಎರಡು ಕಡೆ ಇಬ್ಬರಿಗೂ ಜಗಳವಾಯಿತು. ಎರಡು ಕಡೆಯೂ ಗಂಗಮ್ಮನವರದೇ ಗೆದ್ದಿತು. ಎಲ್ಲ ಮುಗಿದ ಮೇಲೆ, ಈ ಸಲ ಬುದ್ಧಿ ಬಂದು, ವೀಣಾಗೆ ಒಂದು ಪ್ರತಿ ಕಳಿಸಿದೆ, ಒಂದನ್ನು ಪೆನ್‌ಡ್ರೈವಿಗೆ ಹಾಕಿ ಮೇಷ್ಟ್ರ ಕೈಗೆ ಕೊಡದೆ ಗಂಗಮ್ಮನವರ ಕೈಗೆ ಕೊಟ್ಟೆ, ಪೂರ್ತಿ ಪುಸ್ತಕವನ್ನು ಕಾಗದದ ಮೇಲೂ ತೆಗೆದೆ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದೊಂದನ್ನು ಮಾಡಿ. ಯಾವ ಯಂತ್ರವನ್ನು ಕೊಂಡರೂ ಸರಿ, ಒಂದನ್ನೇ ನಂಬಬೇಡಿ. ಮತ್ತೆ, ಬಿಟ್ಟುಹೋದ ಜಾಗವನ್ನು ಚಂದ ಕಾಣಲಿ ಎಂದು ಏನೋ ಒಂದು ಹಾಕಿ ಮುಚ್ಚಬೇಡಿ. ತಿಳಿದವರನ್ನು ಕೇಳುವವರೆಗೆ ಖಾಲಿ ಬಿಡಿ.

ಕೊನೆಗೆ ಉಳಿದದ್ದು ಮುಖಪುಟ. ಮೇಷ್ಟ್ರು ಹೊರಡುವ ದಿನ ಚೀಲ ಹೆಗಲಿಗೆ ಹಾಕಿಕೊಂಡವರು ತಿರುಗಿ ಬಂದು ನನ್ನ ಪಕ್ಕ ಕೂತರು.

"ನನ್ನ ಹೆಸರಿನ ಪಕ್ಕದಲ್ಲಿ ಅವಳದ್ದೂ ಹಾಕಮ್ಮ."

ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಗಂಗಮ್ಮನವರಿಗೆ ಅದು ಕೇಳಿಸಿತು. "ನಂದೆಂತಕ್ಕೆ? ಜನ ನಗ್ತಾರೆ" ಎಂದರು. ಮೇಷ್ಟ್ರು ಅತ್ತ ತಿರುಗಲೇ ಇಲ್ಲ. ನಾನು ಟೈಪ್ ಮಾಡುವುದನ್ನು ನೋಡುತ್ತ ಕೂತರು.

"ಹಾಕೋದೇ ಆದ್ರೆ ಸ್ವಲ್ಪ ಸಣ್ಣಕ್ಷರದಲ್ಲಿ ಹಾಕು ಸುಲೋಚನಾ" ಎಂದರು ಗಂಗಮ್ಮನವರು.

"ಆಯ್ತಮ್ಮ" ಎಂದೆ. ಎರಡು ಹೆಸರನ್ನೂ ಒಂದೇ ಅಳತೆಯಲ್ಲಿ ಹಾಕಿ ಪ್ರೆಸ್ಸಿಗೆ ಕಳಿಸಿದೆ.